ಟೋಕಿಯೊದಲ್ಲಿ 1/50, ಒಸಾಕಾದಲ್ಲಿ 1/60: ಜಪಾನಿನ ನಗರಗಳಲ್ಲಿ ಫೋಟೊ ತೆಗೆಯುವ ಲೆಕ್ಕಾಚಾರ

ಒಸಾಕಾದ ದೋತೊಂಬೊರಿ ಕಾಲುವೆಯ ಮೇಲಿನ ಎಬಿಸು ಸೇತುವೆಗೆ ಸಂಜೆ ಹೋದರೆ, ಒಂಟಿಗಾಲೆತ್ತಿ ಎರಡೂ ಕೈ ಮೇಲೆ ಚಾಚಿ ಫೋಟೊಗೆ ನಿಂತವರೇ ಎಲ್ಲೆಲ್ಲೂ ಕಾಣುತ್ತಾರೆ. ಅವರ ಬೆನ್ನ ಹಿಂದೆ 20 ಮೀಟರ್ ಎತ್ತರದ ಬೆಳಕಿನ ಫಲಕದಲ್ಲಿ ಗ್ಲಿಕೊ ಮಿಠಾಯಿ ಕಂಪನಿಯ ಓಟಗಾರ ಅದೇ ಭಂಗಿಯಲ್ಲಿ ಓಡುತ್ತಿರುತ್ತಾನೆ. ಊರಿಗೆ ಮರಳಿ ಆ ಚಿತ್ರವನ್ನು ದೊಡ್ಡ ಪರದೆಯ ಮೇಲೆ ತೆರೆದಾಗ ಓಟಗಾರನ ಮೈಮೇಲೆ ಅಡ್ಡಡ್ಡ ಕಪ್ಪು ಪಟ್ಟೆಗಳು. ಬೈಗುಳ ತಿನ್ನುವುದು ಕ್ಯಾಮೆರಾ. ಅದರದ್ದೇನೂ ತಪ್ಪಿರುವುದಿಲ್ಲ. ಜಪಾನಿನಿಂದ ಬರುವ ಕೆಟ್ಟ ಫೋಟೊಗಳಲ್ಲಿ ಬಹುಪಾಲು ಕೆಡುವುದು ಅಲ್ಲಿನ ಕರೆಂಟು, ಅಲ್ಲಿನ ಹೊತ್ತು, ಅಲ್ಲಿನ ಬೀದಿ ಯಾರದ್ದು ಎಂಬುದು ತೆಗೆದವರಿಗೆ ಗೊತ್ತಿಲ್ಲದ್ದರಿಂದ.

ಕರೆಂಟಿನಿಂದಲೇ ಶುರುಮಾಡೋಣ.

ಒಂದೇ ದೇಶದೊಳಗೆ ಎರಡು ಬಗೆಯ ವಿದ್ಯುತ್ತು ಹರಿಯುವುದು ಜಪಾನಿನ ಸೋಜಿಗ. 19ನೇ ಶತಮಾನದ ಕೊನೆಯ ದಶಕದಲ್ಲಿ ಟೋಕಿಯೊದ ವಿದ್ಯುತ್ ಕಂಪನಿ ಜರ್ಮನಿಯ ಎಇಜಿ ಕಂಪನಿಯಿಂದ 50 ಹರ್ಟ್ಸ್ (ಸೆಕೆಂಡಿಗೆ 50 ಆವರ್ತನ) ಜನರೇಟರ್ ತರಿಸಿತು. ಒಸಾಕಾದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಿಂದ 60 ಹರ್ಟ್ಸ್‌ನದನ್ನು ತಂದರು. ಆಮೇಲೆ ಎರಡನ್ನೂ ಒಂದು ಮಾಡುವ ಖರ್ಚಿಗೆ ಯಾರೂ ಕೈಹಾಕಲಿಲ್ಲ. ಇಂದಿಗೂ ಶಿಜುಓಕಾದ ಫುಜಿ ನದಿ ಮತ್ತು ನಿಗಾತಾದ ಇತೊಯಿಗಾವಾ ಪಟ್ಟಣವನ್ನು ಸೇರಿಸಿ ಎಳೆದ ಗೆರೆಯೇ ಗಡಿ: ಪೂರ್ವಕ್ಕೆ ಟೋಕಿಯೊ, ಯೊಕೊಹಾಮಾ, ಸಪ್ಪೊರೊ 50 ಹರ್ಟ್ಸ್, ಪಶ್ಚಿಮಕ್ಕೆ ನಗೋಯಾ, ಕ್ಯೋಟೊ, ಒಸಾಕಾ, ಹಿರೋಶಿಮಾ 60 ಹರ್ಟ್ಸ್.

ಫೋಟೊಗೂ ಇದಕ್ಕೂ ಏನು ಸಂಬಂಧ? ಎಸಿ ಕರೆಂಟಿನ ಒಂದು ಆವರ್ತನದಲ್ಲಿ ಟ್ಯೂಬ್‌ಲೈಟ್ ಅಥವಾ ನಿಯಾನ್ ದೀಪ ಎರಡು ಸಲ ಉಜ್ವಲವಾಗಿ ಎರಡು ಸಲ ಮಂಕಾಗುತ್ತದೆ. ಅಂದರೆ ಟೋಕಿಯೊದ ದೀಪ ಸೆಕೆಂಡಿಗೆ 100 ಸಲ ಮಿಡಿಯುತ್ತದೆ, ಒಸಾಕಾದ್ದು 120 ಸಲ. ಕಣ್ಣಿಗೆ ಗೊತ್ತಾಗದ ಇದು ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರಿಗೆ ಗೊತ್ತಾಗುತ್ತದೆ. ಟೋಕಿಯೊದಲ್ಲಿ ಶಟರ್ 1/50 ಸೆಕೆಂಡು ತೆರೆದಿದ್ದರೆ ಸರಿಯಾಗಿ ಎರಡು ಮಿಡಿತ ಒಳಗೆ ಬರುತ್ತವೆ, ಚಿತ್ರದ ಮೇಲಿಂದ ಕೆಳಗಿನವರೆಗೆ ಬೆಳಕು ಒಂದೇ ಸಮ. ಅದೇ ಕಡೆ 1/60 ಇಟ್ಟರೆ ಒಳಗೆ ಬರುವುದು ಒಂದೂ ಮುಕ್ಕಾಲಿಗೆ ತುಸು ಕಡಿಮೆ ಮಿಡಿತ. ಸೆನ್ಸರ್ ಸಾಲುಸಾಲಾಗಿ ಓದುವುದರಿಂದ ಕೆಲವು ಸಾಲಿಗೆ ಉಜ್ವಲ ಭಾಗ ಸಿಗುತ್ತದೆ, ಕೆಲವಕ್ಕೆ ಮಂಕು ಭಾಗ. ಪಟ್ಟೆ ಹುಟ್ಟುವುದು ಅಲ್ಲಿ. ಹಾಗಾಗಿ ಟೋಕಿಯೊದಲ್ಲಿ 1/50 ಅಥವಾ 1/100. ಕ್ಯೋಟೊ, ಒಸಾಕಾಗಳಲ್ಲಿ 1/60 ಅಥವಾ 1/125. ಭಾರತದಲ್ಲೂ 50 ಹರ್ಟ್ಸ್ ಇರುವುದರಿಂದ ಬೆಂಗಳೂರಿನಿಂದ ಹೋದವರಿಗೆ ಟೋಕಿಯೊದಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ. ಮೂರು ದಿನ ಎಲ್ಲ ಸರಿಯಿದ್ದು, ಶಿಂಕಾನ್ಸೆನ್ ಎಂಬ ಬುಲೆಟ್ ರೈಲಿನಲ್ಲಿ ಹೋಗಿ ಒಸಾಕಾದಲ್ಲಿ ಇಳಿದ ರಾತ್ರಿಯಿಂದ ತೊಂದರೆ ಶುರುವಾಗುತ್ತದೆ.

ವಿಡಿಯೊದಲ್ಲಿ ಇದು ಇನ್ನೂ ಗೋಳು. ಭಾರತದಲ್ಲಿ ಪಾಲ್ ಎಂಬ ಟಿವಿ ವ್ಯವಸ್ಥೆಗೆ ಹೊಂದಿಸಿದ ಕ್ಯಾಮೆರಾ ಸೆಕೆಂಡಿಗೆ 25 ಫ್ರೇಮು, 1/50 ಶಟರಿನಲ್ಲಿ ಓಡುತ್ತಿರುತ್ತದೆ. ಒಸಾಕಾದಲ್ಲಿ ಚಾವಣಿ ಹೊದಿಸಿದ ಅಂಗಡಿಬೀದಿಯಲ್ಲಿ ಹಾಗೇ ಚಿತ್ರೀಕರಿಸಿದರೆ ದೀಪಗಳೆಲ್ಲ ಉಸಿರಾಡುವಂತೆ ಏರಿಳಿಯುತ್ತವೆ, ಆಮೇಲೆ ಸಂಕಲನದಲ್ಲಿ ಸರಿಪಡಿಸುವುದು ತ್ರಾಸದ ಕೆಲಸ. ಫ್ರೇಮುಗಳನ್ನು 30ಕ್ಕೆ, ಶಟರನ್ನು 1/60ಕ್ಕೆ ಬದಲಿಸಿ. ಫೋನಿನಲ್ಲಾದರೆ ಕ್ಯಾಮೆರಾ ಸೆಟ್ಟಿಂಗಿನೊಳಗೆ ಮಿನುಗು ತಡೆಯುವ ಆಯ್ಕೆ ಇದ್ದರೆ ಅದನ್ನು 60ಕ್ಕೆ ತಿರುಗಿಸಿ.

ಗ್ಲಿಕೊ ಓಟಗಾರನ ಕತೆ ಮಾತ್ರ ಸ್ವಲ್ಪ ಬೇರೆ. ಅಲ್ಲಿ ಮೊದಲ ಫಲಕ ಬಂದದ್ದು 1935ರಲ್ಲಿ. ಈಗಿನದು 2014ರದು, ನಿಯಾನ್ ತೆಗೆದು ಎಲ್‌ಇಡಿ ಹಾಕಿದ್ದು. ಎಲ್‌ಇಡಿ ಫಲಕದಲ್ಲಿ ಪ್ರಕಾಶ ತಗ್ಗಿಸಲು ದೀಪವನ್ನು ಅತಿವೇಗವಾಗಿ ಆರಿಸಿ ಹಚ್ಚುತ್ತಾರೆ. ಆ ವೇಗಕ್ಕೂ ಬೀದಿಯ ಕರೆಂಟಿಗೂ ಸಂಬಂಧವಿಲ್ಲ. ಇಂಥ ಕಡೆ 1/500ರಲ್ಲಿ ತೆಗೆದರೆ ಪಟ್ಟೆ ಬರುವುದು ಹೆಚ್ಚುಕಡಿಮೆ ಖಚಿತ, 1/60ಕ್ಕೆ ಇಳಿಸಿದರೆ ಬಹುತೇಕ ಮಾಯ. ಫೋನುಗಳಲ್ಲಿ ತೊಂದರೆ ಹೆಚ್ಚು ಕಾಣುವುದಕ್ಕೆ ಕಾರಣವೂ ಇದೇ: ಫಲಕ ಪ್ರಖರವಾಗಿದೆ ಎಂದು ಫೋನು ತಾನಾಗಿಯೇ ಶಟರ್ ವೇಗ ಏರಿಸಿಬಿಡುತ್ತದೆ. ಐಎಸ್‌ಒವನ್ನು, ಅಂದರೆ ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆಯನ್ನು, ಕೈಯಾರೆ 100ಕ್ಕೆ ಇಳಿಸಿದರೆ ಶಟರ್ ತಾನೇ ನಿಧಾನವಾಗುತ್ತದೆ. ರೈಲಿನ ಮುಂಬದಿಯಲ್ಲಿ ಊರಿನ ಹೆಸರು ತೋರಿಸುವ ಎಲ್‌ಇಡಿ ಹಲಗೆಯಲ್ಲೂ ಇದೇ ಪಾಡು. ವೇಗದ ಶಟರಿನಲ್ಲಿ ತೆಗೆದರೆ ಅರ್ಧ ಅಕ್ಷರಗಳೇ ಇರುವುದಿಲ್ಲ. ‘ತೊರಿತೆತ್ಸು’ ಎಂದು ಕರೆಸಿಕೊಳ್ಳುವ ಅಲ್ಲಿನ ರೈಲು ಫೋಟೊಗ್ರಾಫರುಗಳಿಗೆ ಯಾವ ರೈಲಿನ ಹಲಗೆ ಯಾವ ಶಟರ್ ವೇಗದವರೆಗೆ ತಡೆಯುತ್ತದೆ ಎಂಬುದು ಬಾಯಿಪಾಠ.

ಇನ್ನು ಹೊತ್ತಿನ ವಿಷಯ. ಬೆಂಗಳೂರಿನಲ್ಲಿ ವರ್ಷವಿಡೀ ಸೂರ್ಯ ಹುಟ್ಟುವುದು ಸುಮಾರು 5:50 ಮತ್ತು 6:45ರ ನಡುವೆ. ಆ ಅಂದಾಜಿನಲ್ಲೇ ಜೂನ್ ತಿಂಗಳಲ್ಲಿ ಟೋಕಿಯೊಗೆ ಹೋಗಿ ಐದೂವರೆಗೆ ಅಲಾರಂ ಇಟ್ಟರೆ, ಎದ್ದಾಗ ಸೂರ್ಯ ಬಂದು ಒಂದು ಗಂಟೆಯಾಗಿರುತ್ತದೆ. ಅಲ್ಲಿ ಜೂನಿನ ಸೂರ್ಯೋದಯ ಸುಮಾರು 4:25. ಡಿಸೆಂಬರಿನಲ್ಲಿ ತಿರುಗುಮುರುಗು: ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿಬಿಡುತ್ತಾನೆ, ಊಟ ಮುಗಿಸಿ ಒಂದು ದೇವಸ್ಥಾನ ನೋಡುವಷ್ಟರಲ್ಲಿ ಬೆಳಕಿಲ್ಲ. ಜಪಾನಿನ ಗಡಿಯಾರವನ್ನು ಆಕಾಶಿ ಪಟ್ಟಣದ ಮೇಲೆ ಹಾದುಹೋಗುವ 135 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದಾರೆ. ಟೋಕಿಯೊ ಅದಕ್ಕಿಂತ ಪೂರ್ವಕ್ಕಿದೆ, ಬೇಸಿಗೆಯಲ್ಲಿ ಗಡಿಯಾರ ಮುಂದಿಡುವ ಪದ್ಧತಿಯೂ ಇಲ್ಲ. ಇನ್ನೊಂದು ತಮಾಷೆ: ಅಲ್ಲಿನ ಬೆಳಗಿನ ನಾಲ್ಕೂವರೆ ಅಂದರೆ ನಮ್ಮಲ್ಲಿ ರಾತ್ರಿ ಒಂದು. ಮೊದಲ ದಿನವೇ ಸೂರ್ಯೋದಯಕ್ಕೆ ಹೊರಡುವ ಪಣ ತೊಡಬೇಡಿ, ದೇಹ ಕೇಳುವುದಿಲ್ಲ.

ಸೂರ್ಯ ಮುಳುಗಿದ ಮೇಲೆ ಆಕಾಶ ಕಡುನೀಲಿಯಾಗಿರುವ ಹೊತ್ತೇ ನಗರದ ದೀಪಗಳಿಗೆ ಒಳ್ಳೆಯ ಸಮಯ. ಆಗ ಆಕಾಶದ ಬೆಳಕು, ಫಲಕದ ಬೆಳಕು ಎರಡೂ ಒಂದೇ ಎಕ್ಸ್‌ಪೋಶರಿಗೆ (ಸೆನ್ಸರಿಗೆ ಬೀಳಿಸುವ ಬೆಳಕಿನ ಮೊತ್ತಕ್ಕೆ) ಒಗ್ಗುತ್ತವೆ. ಬೆಂಗಳೂರಿನಲ್ಲಿ ಸಂಜೆಗತ್ತಲು 21ರಿಂದ 23 ನಿಮಿಷದಲ್ಲಿ ಕವಿಯುತ್ತದೆ. ಟೋಕಿಯೊ ಸಮಭಾಜಕದಿಂದ ದೂರ ಇರುವುದರಿಂದ ಸೂರ್ಯ ಅಲ್ಲಿ ಓರೆಯಾಗಿ ಇಳಿದು, 25ರಿಂದ 30 ನಿಮಿಷ ಕೊಡುತ್ತಾನೆ. ದೋತೊಂಬೊರಿಯಲ್ಲಿ ಈ ಹೊತ್ತಿಗೆ ಐಎಸ್‌ಒ 400, ಲೆನ್ಸಿನ ತೆರಪು ಎಫ್ 5.6, ಶಟರ್ 1/60 ಎಂದು ಶುರುಮಾಡಿ, ಓಟಗಾರನ ಬಿಳಿ ಅಂಗಿಯಲ್ಲಿ ವಿವರ ಉಳಿದಿದೆಯೇ ಎಂದು ನೋಡಿಕೊಂಡು ಏರಿಳಿಸಿ. ರಾತ್ರಿ ಒಂಬತ್ತಕ್ಕೆ ತೆಗೆದರೆ ಫಲಕ ಸುಟ್ಟ ಬಿಳುಪು, ಸುತ್ತಮುತ್ತ ಮಸಿ.

ಕ್ಯೋಟೊದ ಫುಶಿಮಿ ಇನಾರಿ ದೇಗುಲಕ್ಕೆ ಹಗಲೂ ರಾತ್ರಿ ಬಾಗಿಲಿಲ್ಲ, ಟಿಕೆಟ್ಟೂ ಇಲ್ಲ. ಕ್ಯೋಟೊ ನಿಲ್ದಾಣದಿಂದ ನಾರಾ ಮಾರ್ಗದ ರೈಲಿನಲ್ಲಿ ಎರಡನೆಯ ನಿಲ್ದಾಣ, ಇಳಿದರೆ ಎದುರಿಗೇ. 233 ಮೀಟರ್ ಎತ್ತರದ ಇನಾರಿ ಬೆಟ್ಟದ ದಾರಿಯುದ್ದಕ್ಕೂ ಸುಮಾರು ಹತ್ತು ಸಾವಿರ ತೊರೀ ಕಮಾನುಗಳು ಒಂದಕ್ಕೊಂದು ತಾಗಿದಂತೆ ನಿಂತಿವೆ. ಎಲ್ಲರೂ ತೆಗೆಯುವ ಚಿತ್ರ ಬುಡದಲ್ಲೇ ಇರುವ ‘ಸೆಂಬೊನ್ ತೊರೀ’ಯದು. ಅಲ್ಲಿ ಎಂಟು ಗಂಟೆಯ ನಂತರ ಜನರಿಲ್ಲದ ಫ್ರೇಮು ಸಿಗುವುದಿಲ್ಲ. ಆರರೊಳಗೆ ಹೋಗಿ, ಇಲ್ಲವೇ ಮೇಲಕ್ಕೆ ನಡೆಯುತ್ತಲೇ ಇರಿ. ಅರ್ಧ ಗಂಟೆ ಹತ್ತಿ ಯೊತ್ಸುತ್ಸುಜಿ ಎಂಬ ಕೂಡುದಾರಿ ತಲುಪುವಷ್ಟರಲ್ಲಿ ಗುಂಪು ಕರಗಿರುತ್ತದೆ, ಕಮಾನುಗಳು ಮಾತ್ರ ಅವೇ.

ಇಲ್ಲಿ ಕೈಕೊಡುವುದು ಬಣ್ಣ. ತೊರೀಯ ಕೆಂಪು ನಮ್ಮ ಸಿಂಧೂರದ ಹತ್ತಿರದ ಬಣ್ಣ. ಹಿಂದೆ ಬಳಸುತ್ತಿದ್ದುದು ಪಾದರಸದ ಅದಿರಾದ ಇಂಗಳೀಕವನ್ನು, ಅದು ಮರ ಕೊಳೆಯದಂತೆಯೂ ಕಾಯುತ್ತಿತ್ತು. ಸುತ್ತ ಕಡುಹಸಿರು ಕಾಡು, ನೆರಳು. ಕ್ಯಾಮೆರಾದ ಬೆಳಕಿನ ಮೀಟರು ಆ ಕತ್ತಲನ್ನು ನೋಡಿ ಬೆಳಕು ಏರಿಸುತ್ತದೆ, ಕೆಂಪು ಒಂದೇ ಉಕ್ಕಿ ಹರಿಯುತ್ತದೆ. ಬೆಳಕಿನ ಹಂಚಿಕೆಯನ್ನು ಗೆರೆಯಲ್ಲಿ ತೋರಿಸುವ ಸಾಮಾನ್ಯ ಹಿಸ್ಟೊಗ್ರಾಮಿನಲ್ಲಿ ಎಲ್ಲ ಸರಿಯಿದ್ದಂತೆಯೇ ಕಂಡರೂ, ಕೆಂಪು, ಹಸಿರು, ನೀಲಿ ಬೇರೆಬೇರೆ ತೋರಿಸುವ ಹಿಸ್ಟೊಗ್ರಾಮ್ ತೆರೆದರೆ ಕೆಂಪಿನ ಗೆರೆ ಬಲಗೋಡೆಗೆ ಗುದ್ದಿ ನಿಂತಿರುತ್ತದೆ. ಮರದ ಎಳೆ, ಬಣ್ಣ ಸಿಪ್ಪೆಯೆದ್ದ ಜಾಗ ಎಲ್ಲ ಅಳಿಸಿ ಪ್ಲಾಸ್ಟಿಕ್ಕಿನ ಕಂಬದಂತೆ ಕಾಣುತ್ತದೆ. ಎಕ್ಸ್‌ಪೋಶರನ್ನು 0.7ರಿಂದ 1 ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಇಳಿಸಿ, ಕ್ಯಾಮೆರಾ ತಿದ್ದದೆ ಉಳಿಸುವ ರಾ ಫೈಲಿನಲ್ಲೇ ಉಳಿಸಿಕೊಳ್ಳಿ. ಬಣ್ಣದ ಛಾಯೆ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೊದಲ್ಲಿ ಬಿಡಬೇಡಿ. ಇಷ್ಟೊಂದು ಕೆಂಪು ಎಲ್ಲಿಂದ ಬಂತು ಎಂದು ಅದು ತಣ್ಣನೆಯ ಬಣ್ಣ ಬೆರೆಸಿ, ಸಿಂಧೂರವನ್ನು ಇಟ್ಟಿಗೆಪುಡಿ ಮಾಡಿಬಿಡುತ್ತದೆ. ಹಗಲು ಬೆಳಕಿಗೆ, ಸುಮಾರು 5200 ಕೆಲ್ವಿನ್‌ಗೆ ಕಟ್ಟಿಹಾಕಿ. ಕಮಾನುಗಳೊಳಗೆ ನಿಂತವರ ಮುಖಕ್ಕೆ ಕಿತ್ತಳೆ ಛಾಯೆ ಬರುವುದನ್ನು ತಪ್ಪಿಸಲಾಗದು; ಮುಖ ಮುಖ್ಯವಾದರೆ ಕಮಾನಿನ ಸಾಲು ಮುಗಿದು ಆಕಾಶ ಕಾಣುವ ಕಡೆ ನಿಲ್ಲಿಸಿ.

ಅಗಲ ನೋಟದ 24 ಮಿ.ಮೀ. ಲೆನ್ಸಿನಲ್ಲಿ ಕಮಾನುಗಳ ನಡುವಿನ ಸಂದು ಎದ್ದು ಕಾಣುತ್ತದೆ. ಕೆಂಪು ಸುರಂಗ ಬೇಕಾದರೆ ಹಿಂದೆ ಸರಿದು 70ರಿಂದ 100 ಮಿ.ಮೀ. ಬಳಸಬೇಕು, ದಾರಿ ತಿರುಗುವ ಕಡೆ ನಿಲ್ಲಬೇಕು. ಹತ್ತುವಾಗ ಕಂಬಗಳು ಬರಿದಾಗಿ ಕಾಣುತ್ತವೆ. ಒಮ್ಮೆ ಹಿಂದಿರುಗಿ ನೋಡಿದರೆ ಪ್ರತಿ ಕಂಬದ ಹಿಂಬದಿಯಲ್ಲೂ ಕಪ್ಪು ಅಕ್ಷರ: ಒಂದರಲ್ಲಿ ಹರಕೆ ಒಪ್ಪಿಸಿದವರ ಹೆಸರು, ಇನ್ನೊಂದರಲ್ಲಿ ತಾರೀಕು. ಕಂಪನಿಗಳು, ಅಂಗಡಿಗಳು, ಮನೆತನಗಳು ಕೊಟ್ಟ ಕಮಾನುಗಳು ಇವು. ಇನಾರಿ ಬೆಳೆಯ, ವ್ಯಾಪಾರದ ದೈವ. ಬುಡದಲ್ಲಿ ಮರ ಕೊಳೆತು ಬಣ್ಣ ಉದುರಿದ ಕಮಾನಿನ ಪಕ್ಕದಲ್ಲೇ ಹೊಸದಾಗಿ ನಿಲ್ಲಿಸಿದ ಕಮಾನು ಇರುತ್ತದೆ. ಸುರಂಗದ ಚಿತ್ರ ಎಲ್ಲರ ಬಳಿಯೂ ಇದೆ. ಈ ಜೋಡಿಯ ಚಿತ್ರ ಅದಕ್ಕಿಂತ ಹೆಚ್ಚು ಹೇಳುತ್ತದೆ.

ದೇಗುಲದ ದಾರಿಯ ನಟ್ಟನಡುವಿಗೆ ‘ಸೆಯ್‌ಚೂ’ ಎನ್ನುತ್ತಾರೆ, ಅದು ದೇವರು ನಡೆಯುವ ಜಾಗ. ಭಕ್ತರು ಬದಿಯಲ್ಲಿ ನಡೆಯುತ್ತಾರೆ. ಎರಡೂ ಕಡೆ ಸಮನಾದ ಚಿತ್ರ ಬೇಕೆನ್ನುವವರು ನಿಲ್ಲುವುದು ಅಲ್ಲೇ. ತೆಗೆದು ಪಕ್ಕಕ್ಕೆ ಸರಿದರೆ ಯಾರೂ ಏನೂ ಅನ್ನುವುದಿಲ್ಲ, ಕಾಲು ಗಂಟೆ ಬೀಡುಬಿಟ್ಟರೆ ಮುಖ ಗಂಟಾಗುತ್ತದೆ. ಒಳಾಂಗಣದ ನಿಯಮ ಮಾತ್ರ ಒಂದೊಂದು ಕಡೆ ಒಂದೊಂದು ಬಗೆ. ನಾರಾದ ತೋದಾಯ್‌ಜಿಯಲ್ಲಿ ಸುಮಾರು 15 ಮೀಟರ್ ಎತ್ತರದ ಬುದ್ಧನ ಫೋಟೊ ತೆಗೆಯಬಹುದು. ಕ್ಯೋಟೊದ ಸಂಜೂಸಂಗೆನ್‌ದೋದಲ್ಲಿ ಕರುಣೆಯ ಬೋಧಿಸತ್ವ ಕನ್ನೊನ್‌ನ 1001 ವಿಗ್ರಹಗಳು ಸಾಲಾಗಿ ನಿಂತ ಮಂಟಪದೊಳಗೆ ಕ್ಯಾಮೆರಾ ಎತ್ತುವಂತೆಯೇ ಇಲ್ಲ.

ಟೋಕಿಯೊದ ಅಸಾಕುಸಾದಲ್ಲಿ ಸೆನ್ಸೋಜಿ ದೇವಾಲಯದ ಹೆಬ್ಬಾಗಿಲಿಗೆ ತೂಗುವ ಕೆಂಪು ಲಾಂದ್ರ 3.9 ಮೀಟರ್ ಎತ್ತರ, ಸುಮಾರು 700 ಕಿಲೊ ತೂಕ. ಮುಂದಿನ ‘ಕಾಮಿನಾರಿಮೊನ್’ ಎಂಬ ಬರಹವನ್ನು ತೆಗೆದು ಜನ ಮುಂದೆ ನಡೆಯುತ್ತಾರೆ. ಲಾಂದ್ರದ ಅಡಿಯಲ್ಲಿ ನಿಂತು ತಲೆಯೆತ್ತಿದರೆ ಮರದ ತಳದಲ್ಲಿ ಕೆತ್ತಿದ ಡ್ರ್ಯಾಗನ್ ಇದೆ. ಅದಕ್ಕೆ ಎಕ್ಸ್‌ಪೋಶರ್ ಒಂದು ಸ್ಟಾಪ್ ಏರಿಸಬೇಕು, ಇಲ್ಲದಿದ್ದರೆ ಸುತ್ತಲಿನ ಆಕಾಶದ ಬೆಳಕಿಗೆ ಅದು ಕಪ್ಪು ತಟ್ಟೆಯಾಗುತ್ತದೆ. ಒಳಗಿನ ನಾಕಾಮಿಸೆ ಬೀದಿಗೆ ಅಂಗಡಿ ತೆರೆಯುವ ಮೊದಲೇ ಹೋದರೆ ಅಂಗಡಿಗಳ ರೋಲಿಂಗ್ ಶಟರುಗಳ ಮೇಲಿನ ಚಿತ್ರಗಳು ಕಾಣಸಿಗುತ್ತವೆ.

ಶಿಬುಯಾ ಕ್ರಾಸಿಂಗಿನಲ್ಲಿ ವಾಹನಗಳೆಲ್ಲ ಒಮ್ಮೆಗೇ ನಿಂತು ಎಲ್ಲ ದಿಕ್ಕಿನಿಂದಲೂ ಜನ ದಾಟುತ್ತಾರೆ. ಹರಿವನ್ನು ತೋರಿಸಲು 1/4 ಸೆಕೆಂಡು ಬೇಕು, ಅಷ್ಟು ಹೊತ್ತು ಬರಿಗೈಯಲ್ಲಿ ಕ್ಯಾಮೆರಾ ಅಲುಗದೆ ಇರದು. ಪಾದಚಾರಿ ಜಾಗದಲ್ಲಿ ಟ್ರೈಪಾಡ್ ನಿಲ್ಲಿಸಿ ದಾರಿಗೆ ಅಡ್ಡಿಯಾಗುವ ಚಿತ್ರೀಕರಣಕ್ಕೆ ಪೊಲೀಸರ ಅನುಮತಿ ಬೇಕಾಗುತ್ತದೆ. ಉಪಾಯ ಒಂದಿದೆ: ರೈಲು ನಿಲ್ದಾಣವನ್ನು ಇನೊಕಾಶಿರಾ ಮಾರ್ಗದ ನಿಲ್ದಾಣಕ್ಕೆ ಸೇರಿಸುವ ಮೇಲುದಾರಿ. ಒಂದು ಗೋಡೆಯ ಮೇಲೆ ಕಲಾವಿದ ತಾರೋ ಒಕಾಮೊತೊ ಅವರ 30 ಮೀಟರ್ ಉದ್ದದ ಭಿತ್ತಿಚಿತ್ರ, ಎದುರಿನ ಗಾಜಿನಾಚೆ ಕ್ರಾಸಿಂಗು. ಲೆನ್ಸಿನ ಅಂಚನ್ನು ಗಾಜಿಗೆ ಒತ್ತಿ ಹಿಡಿದರೆ ಅಲುಗಾಟವೂ ಇಲ್ಲ, ಒಳಗಿನ ದೀಪದ ಪ್ರತಿಬಿಂಬವೂ ಇಲ್ಲ. 229 ಮೀಟರ್ ಎತ್ತರದ ಶಿಬುಯಾ ಸ್ಕೈ ಮಾಳಿಗೆಯಿಂದ ನೋಡಿದರೆ ಕ್ರಾಸಿಂಗು ಇರುವೆಗೂಡು. ಅಲ್ಲಿಗೆ ಟ್ರೈಪಾಡ್ ಬಿಡುವುದಿಲ್ಲ, ಚೀಲವನ್ನು ಲಾಕರಿನಲ್ಲಿ ಇಟ್ಟು ಹೋಗಬೇಕು. ಬರೀ ನಗರದ ನೋಟ ಬೇಕೆಂದರೆ ಶಿಂಜುಕುವಿನ ಟೋಕಿಯೊ ಆಡಳಿತ ಕಚೇರಿಯ 45ನೆಯ ಮಹಡಿ ಪುಕ್ಕಟೆ. ಚಳಿಗಾಲದ ಒಣ ಬೆಳಗಿನಲ್ಲಿ ಸುಮಾರು 100 ಕಿಲೊಮೀಟರ್ ದೂರದ ಫುಜಿ ಬೆಟ್ಟವೂ ಕಾಣುತ್ತದೆ. ಬೇಸಿಗೆಯಲ್ಲಿ ಆ ಆಸೆ ಬಿಡಿ.

ಫುಜಿ ಶಿಂಕಾನ್ಸೆನ್‌ನಿಂದಲೂ ಕಾಣುತ್ತದೆ. ಟೋಕಿಯೊದಿಂದ ಕ್ಯೋಟೊ ಕಡೆಗೆ ಹೋಗುವಾಗ ಬಲಬದಿಯ ಇ ಸೀಟು, ಹೊರಟು ಸುಮಾರು 40ರಿಂದ 45 ನಿಮಿಷ. ರೈಲಿನ ಗರಿಷ್ಠ ವೇಗ ಗಂಟೆಗೆ 285 ಕಿಲೊಮೀಟರ್. ಬೆಟ್ಟ ಅಲುಗುವುದಿಲ್ಲ, ಮುಂದೆ ಹಾಯುವ ಕಂಬಗಳೇ ತೊಂದರೆ. 1/2000ರಲ್ಲಿ ಸಾಲುಸಾಲಾಗಿ ಹತ್ತಿಪ್ಪತ್ತು ತೆಗೆದು ಕಂಬವಿಲ್ಲದ್ದನ್ನು ಆರಿಸಿಕೊಳ್ಳಿ.

ಜೂನ್ ಆರಂಭದಿಂದ ಜುಲೈ ನಡುವಿನವರೆಗೆ ಮಳೆ. ಬೇಜಾರು ಪಡಬೇಡಿ, ಒದ್ದೆ ಡಾಂಬರಿನ ಮೇಲೆ ಫಲಕದ ಬಣ್ಣಗಳು ಇಮ್ಮಡಿಯಾಗುತ್ತವೆ. ಅಲ್ಲಿನ ಪಾರದರ್ಶಕ ಕೊಡೆ ಮುಖಕ್ಕೆ ಬೆಳಕು ಬಿಡುತ್ತದೆ. ಎಸಿ ಕೋಣೆಯಿಂದ ಹೊರಗಿನ ಸೆಕೆಗೆ ಬಂದ ತಕ್ಷಣ ಲೆನ್ಸಿಗೆ ಮಂಜು ಕಟ್ಟುತ್ತದೆ. ಒರೆಸಿದಷ್ಟೂ ಮತ್ತೆ ಕಟ್ಟುತ್ತದೆ. ಕ್ಯಾಮೆರಾವನ್ನು ಜಿಪ್ ಚೀಲದಲ್ಲೇ ಅರ್ಧ ಗಂಟೆ ಬಿಟ್ಟು ಹೊರತೆಗೆಯಿರಿ. ಚಾರ್ಜರಿಗೆ ಚಪ್ಪಟೆ ಎರಡು ಕಡ್ಡಿಯ ಅಡಾಪ್ಟರ್ ಬೇಕು, ಅಲ್ಲಿ ಕರೆಂಟು 100 ವೋಲ್ಟ್.

ಕೊನೆಯದು ಬೀದಿಯ ಒಡೆತನ. ಕ್ಯೋಟೊದ ಗಿಯೋನ್‌ನಲ್ಲಿ ಹನಾಮಿಕೋಜಿ ಸಾರ್ವಜನಿಕ ಬೀದಿ, ಅದರಿಂದ ಕವಲೊಡೆಯುವ ಎಷ್ಟೋ ಓಣಿಗಳು ಖಾಸಗಿ. ನೋಟಕ್ಕೆ ಎರಡೂ ಒಂದೇ ಕಲ್ಲುಹಾಸು, ಒಂದೇ ಮರದ ಜಾಲರಿ. ಹೆಜ್ಜೆ ಒಳಗಿಟ್ಟರೆ ಗಡಿ ದಾಟಿರುತ್ತೀರಿ. ಅಲ್ಲಿನ ‘ಮೈಕೊ’ ಎಂಬ ತರಬೇತಿಯ ಹುಡುಗಿಯರು, ‘ಗೈಕೊ’ ಎಂಬ ಕಲಾವಿದೆಯರು ಸಂಜೆ ಕೆಲಸಕ್ಕೆ ಹೊರಟಾಗ ಪ್ರವಾಸಿಗರು ಅಡ್ಡಗಟ್ಟುವುದು, ಕಿಮೋನೊ ಹಿಡಿದೆಳೆಯುವುದು ಮಿತಿಮೀರಿತು. 2019ರಲ್ಲಿ ಖಾಸಗಿ ಓಣಿಗಳಲ್ಲಿ ಫೋಟೊ ತೆಗೆದರೆ 10,000 ಯೆನ್ ಎಂಬ ಫಲಕ ಬಂತು. 2024ರಲ್ಲಿ ಓಣಿಗಳಿಗೆ ಪ್ರವಾಸಿಗರ ಪ್ರವೇಶವೇ ಬೇಡವೆಂದರು. ನಿಧಾನವಾಗಿ ನಡೆಯುತ್ತ ನಗುನಗುತ್ತ ಫೋಟೊಗೆ ನಿಲ್ಲುವವರು ಬಹುಪಾಲು ಬಾಡಿಗೆ ಉಡುಗೆಯ ಪ್ರವಾಸಿಗರು. ನಿಜವಾದ ಮೈಕೊ ಸರಸರ ನಡೆದು ಹೋಗುತ್ತಾಳೆ, ಅವಳ ಕೂದಲು ಟೋಪನ್ನಲ್ಲ, ಸ್ವಂತದ್ದು. ಟೋಕಿಯೊದ ಶಿಂಜುಕುವಿನ ಗೋಲ್ಡನ್ ಗಾಯ್ ಓಣಿಗಳಲ್ಲೂ ಅನುಮತಿಯಿಲ್ಲದೆ ಚಿತ್ರ ಬೇಡ ಎನ್ನುವ ಫಲಕಗಳಿವೆ.

ಬೀದಿಯಲ್ಲಿ ಅಪರಿಚಿತರ ಮುಖ ತೆಗೆಯುವ ಬಗ್ಗೆ ಪ್ರತ್ಯೇಕ ಕಾಯ್ದೆ ಇಲ್ಲದಿದ್ದರೂ ‘ಶೋಝೋಕೆನ್’ ಎಂಬ, ತನ್ನ ಚಿತ್ರದ ಮೇಲೆ ತನಗಿರುವ ಹಕ್ಕನ್ನು ನ್ಯಾಯಾಲಯಗಳು ಮನ್ನಿಸುತ್ತವೆ. ಕ್ಯೋಟೊದ ಮೆರವಣಿಗೆಯೊಂದರಲ್ಲಿ ಪೊಲೀಸರು ಫೋಟೊ ತೆಗೆದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1969ರಲ್ಲೇ, ಒಪ್ಪಿಗೆಯಿಲ್ಲದೆ ತನ್ನ ಚಿತ್ರ ತೆಗೆಸಿಕೊಳ್ಳದಿರುವ ಸ್ವಾತಂತ್ರ್ಯ ಎಲ್ಲರಿಗೂ ಇದೆ ಎಂದಿತು. ಆ ಪೊಲೀಸರ ಕೆಲಸ ತಪ್ಪಲ್ಲ ಎಂದೂ ಹೇಳಿತು. ಗುಂಪಿನ ಚಿತ್ರಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಒಬ್ಬರದೇ ಮುಖ ತುಂಬಿದ ಚಿತ್ರ ಬೇರೆ ಮಾತು. ಅಲ್ಲಿ ಮಾರುವ ಫೋನುಗಳು ಫೋಟೊ ತೆಗೆದಾಗ ಸದ್ದು ಮಾಡಿಯೇ ಮಾಡುತ್ತವೆ. ಇದು ಕಾನೂನಲ್ಲ, ತಯಾರಕರು ಪಾಲಿಸಿಕೊಂಡು ಬಂದ ರೂಢಿ. ನಮ್ಮ ಫೋನಿನ ಸದ್ದನ್ನು ಆರಿಸಬಹುದು. ರೈಲಿನಲ್ಲಿ ಸದ್ದಿಲ್ಲದ ಫೋನು ಎತ್ತಿ ಹಿಡಿದವರ ಮೇಲೆ ಅನುಮಾನ ಹೆಚ್ಚು. ಕದ್ದು ಅಶ್ಲೀಲ ಚಿತ್ರ ತೆಗೆಯುವುದರ ವಿರುದ್ಧ 2023ರ ಜುಲೈಯಿಂದ ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಬಂದ ಮೇಲಂತೂ ಇನ್ನಷ್ಟು ಎಚ್ಚರ.

ಕೇಳಿ ತೆಗೆಯುವುದು ಕಷ್ಟವಲ್ಲ. ‘ಶಾಶಿನ್ ಓ ತೊತ್ತೆಮೊ ಈ ದೆಸ್ ಕಾ’ ಎಂದರೆ ಫೋಟೊ ತೆಗೆಯಬಹುದೇ ಎಂದು. ಒಪ್ಪಿದವರು ತಲೆಯಾಡಿಸಿ ‘ಹಾಯ್’ ಅಥವಾ ‘ದೋಝೊ’ ಎನ್ನುತ್ತಾರೆ. ಎದೆಯ ಮುಂದೆ ಎರಡೂ ಕೈಗಳನ್ನು ಗುಣಾಕಾರದ ಗುರುತಿನಂತೆ ಅಡ್ಡ ಹಿಡಿದರೆ ಬೇಡ ಎಂದು. ಗೊಂದಲವಾಗುವುದು ಮೂರನೆಯ ಉತ್ತರದಲ್ಲಿ: ತಲೆ ತುಸು ವಾಲಿಸಿ, ನಗುಮುಖದಲ್ಲೇ ‘ಚೊತ್ತೊ...’ ಎಂದು ಮಾತು ಅರ್ಧಕ್ಕೆ ಬಿಡುತ್ತಾರೆ. ಪದದ ಅರ್ಥ ‘ಸ್ವಲ್ಪ’ ಎಂದಷ್ಟೇ. ಸ್ವಲ್ಪ ತಡೆಯಿರಿ ಎನ್ನುತ್ತಿದ್ದಾರೆಂದು ಅಲ್ಲೇ ಕಾಯುತ್ತ ನಿಲ್ಲುವವರಿದ್ದಾರೆ. ಅದೂ ಬೇಡ ಎಂದೇ.